ಫ್ಯಾನ್ ತಿರುಗುವ ಎಸ್‌ಎಂಪಿಎಸ್ ಕೆಟ್ಟಿರಲು ಸಾಧ್ಯವೇ?

ಪ್ರಶ್ನೆ:
ಆರು ವರ್ಷಗಳಿಂದ ಬಳಸುತ್ತಿರುವ ನನ್ನ ಡೆಸ್ಕ್‌ಟಾಪ್ ಕಂಪ್ಯೂಟರ್ ಹಗುರವಾದ ಕೆಲಸಗಳಲ್ಲಿ ದಿನವಿಡೀ ತೊಂದರೆ ಕೊಡುವುದಿಲ್ಲ. ಆದರೆ ವಿಡಿಯೊ ರೆಂಡರ್ ಮಾಡತೊಡಗಿದ ಎರಡು ಮೂರು ನಿಮಿಷಗಳಲ್ಲೇ, ಪರದೆಯ ಮೇಲೆ ಯಾವ ಸೂಚನೆಯೂ ಮೂಡದೆ, ಸ್ವಿಚ್ ಆರಿಸಿದಂತೆ ನಿಂತುಹೋಗುತ್ತದೆ. ಪ್ರೊಸೆಸರ್‌ನ ಉಷ್ಣತೆ 70 ಡಿಗ್ರಿ ದಾಟಿಲ್ಲ. ಕಂಪ್ಯೂಟರ್‌ನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಅನ್ನು ಬಿಚ್ಚಿ, ಮದರ್‌ಬೋರ್ಡ್‌ಗೆ ಹೋಗುವ 24 ಪಿನ್‌ಗಳ ಕನೆಕ್ಟರ್‌ನಲ್ಲಿರುವ ಹಸಿರು ಮತ್ತು ಕಪ್ಪು ತಂತಿಗಳನ್ನು ಪೇಪರ್ ಕ್ಲಿಪ್‌ನಿಂದ ಸೇರಿಸಿದಾಗ ಅದರ ಫ್ಯಾನ್ ಸರಾಗವಾಗಿ ತಿರುಗಿತು. ಹಾಗಾದರೆ ದೋಷ ಮದರ್‌ಬೋರ್ಡ್‌ನದೆಂದು ತಿಳಿಯಬಹುದೇ?

ಉತ್ತರ 1:
ಖಂಡಿತ ಬೇಡ. ಹಸಿರು ತಂತಿಯನ್ನು, ಅಂದರೆ 16ನೇ ಪಿನ್ನನ್ನು, ಕಪ್ಪು ತಂತಿಗೆ (ಗ್ರೌಂಡ್‌ಗೆ) ಸೇರಿಸುವ ಪರೀಕ್ಷೆಯಿಂದ ತಿಳಿಯುವುದು ಇಷ್ಟೇ: ಎಸ್‌ಎಂಪಿಎಸ್ ಚಾಲೂ ಆಗುತ್ತದೆ. ಆಗ ಅದರ ಮೇಲೆ ಹೊರೆಯೇ ಇರುವುದಿಲ್ಲ. ನಿಮ್ಮ ಕಂಪ್ಯೂಟರ್ ಸೋಲುವುದೋ ಹೊರೆ ಬಿದ್ದಾಗಲೇ, ಆದ್ದರಿಂದ ಅಳೆಯಬೇಕಾದದ್ದೂ ಆಗಲೇ.

ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಗ್ರಾಫಿಕ್ಸ್ ಕಾರ್ಡ್‌ಗೆ ಹೋಗುವ ಪ್ಲಗ್‌ನ ಹಿಂಬದಿಯಲ್ಲಿ, ತಂತಿ ಒಳಗೆ ಸೇರುವ ಸಂದಿನಲ್ಲಿ, ಕಪ್ಪು ಮೊನೆಯನ್ನು ಕಪ್ಪು ತಂತಿಗೂ ಕೆಂಪು ಮೊನೆಯನ್ನು ಹಳದಿ ತಂತಿಗೂ ತಾಗಿಸಿ ಹಿಡಿಯಿರಿ. ಮೊನೆ ಜಾರಿ ಎರಡು ತಂತಿಗಳನ್ನು ಒಟ್ಟಿಗೆ ಮುಟ್ಟಿದರೆ ಶಾರ್ಟ್ ಆಗುವುದರಿಂದ ಕೈ ಅಲುಗದಿರಲಿ. ಹಳದಿ ತಂತಿಯಲ್ಲಿ 11.4ರಿಂದ 12.6 ವೋಲ್ಟ್ ಇರಬೇಕು. 24 ಪಿನ್‌ಗಳ ಕನೆಕ್ಟರ್‌ನಲ್ಲಿ ಅಳೆದರೆ ಕೆಂಪು ತಂತಿಯಲ್ಲಿ 4.75ರಿಂದ 5.25, ಕಿತ್ತಳೆ ಬಣ್ಣದ್ದರಲ್ಲಿ 3.14ರಿಂದ 3.47. ಈಗಿನ ಹಲವು ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ತಂತಿಗಳೂ ಕಪ್ಪಾಗಿರುತ್ತವೆ; ಅಲ್ಲಿ ಪಿನ್ ಎಣಿಸದೆ ಗತ್ಯಂತರವಿಲ್ಲ.

ಪ್ರಶ್ನೆ ಕೇಳಿದವರು:
ನೀವು ಹೇಳಿದಂತೆಯೇ ಅಳೆದೆ. ಸುಮ್ಮನಿದ್ದಾಗ ಹಳದಿ ತಂತಿಯಲ್ಲಿ 12.02 ಇತ್ತು. ರೆಂಡರ್ ಶುರುವಾದೊಡನೆ 11.6ಕ್ಕೆ ಇಳಿದು, ಅಲ್ಲಿಂದ ಮೆಲ್ಲಮೆಲ್ಲನೆ ಜಾರುತ್ತ 11.2 ತಲುಪಿದ ಕೂಡಲೇ ಕಂಪ್ಯೂಟರ್ ನಿಂತಿತು. ಮೂರು ಬಾರಿ ನೋಡಿದೆ, ಮೂರು ಬಾರಿಯೂ ಹೀಗೆಯೇ. ಜಾಲರಿಯ ಮೂಲಕ ಟಾರ್ಚ್ ಬಿಟ್ಟು ನೋಡಿದರೆ ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿದಂತೆ ಕಾಣುತ್ತದೆ. ಬೆಸುಗೆ ಹಾಕುವ ಅಭ್ಯಾಸ ಅಲ್ಪಸ್ವಲ್ಪ ಇದೆ. ನಾನೇ ತೆರೆದು ಅವನ್ನು ಬದಲಾಯಿಸಲೇ?

ಉತ್ತರ 2:
ದಯವಿಟ್ಟು ತೆರೆಯಬೇಡಿ. ಒಳಗಿರುವ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಹೆಚ್ಚಿನ ವಿದ್ಯುತ್ ಶೇಖರವಾಗಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು, ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಹೊರೆ ಬಿದ್ದಾಗ ವೋಲ್ಟೇಜ್ ಕುಸಿಯುವುದು, ಕೆಪಾಸಿಟರ್ ಉಬ್ಬಿರುವುದು ಎರಡೂ ಕೂಡಿರುವಾಗ ಹೊಸದನ್ನು ಹಾಕುವುದೇ ಸರಿ.

ಹೊಸದನ್ನು ಹಾಕುವಾಗ ಹಳೆಯ ಕೇಬಲ್‌ಗಳನ್ನು ಹಾಗೆಯೇ ಉಳಿಸಿಕೊಳ್ಳುವ ಆಸೆ ಬೇಡ. ಬಿಚ್ಚಿ ಜೋಡಿಸಬಹುದಾದ ಕೇಬಲ್‌ಗಳಲ್ಲಿ ಮದರ್‌ಬೋರ್ಡ್ ಕಡೆಯ ತುದಿಗೆ ನಿಗದಿಯಾದ ಕ್ರಮವಿದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ಕ್ರಮವಿಲ್ಲ. ಪ್ಲಗ್ ಸಲೀಸಾಗಿ ಕೂತರೂ ಒಳಗೆ ಪಿನ್‌ಗಳು ಅದಲುಬದಲಾಗಿದ್ದು, 5 ವೋಲ್ಟ್ ಬೇಕಾದಲ್ಲಿ 12 ವೋಲ್ಟ್ ಹರಿದು ಹಾರ್ಡ್ ಡಿಸ್ಕ್ ಸುಟ್ಟುಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದರಲ್ಲಿದ್ದ ಕಡತಗಳು ಮರಳಿ ಸಿಗಲಿಲ್ಲ. ಅಂತೆಯೇ 8 ಪಿನ್‌ಗಳ ಎರಡು ಪ್ಲಗ್‌ಗಳನ್ನು ಒಂದೇ ಎಂದು ಭ್ರಮಿಸಬೇಡಿ: ಸಾಮಾನ್ಯವಾಗಿ ಪ್ರೊಸೆಸರ್‌ನದು ನಾಲ್ಕು ನಾಲ್ಕಾಗಿ ಬಿಡಿಯಾಗುತ್ತದೆ, ಗ್ರಾಫಿಕ್ಸ್ ಕಾರ್ಡ್‌ನದು ಆರು ಎರಡಾಗಿ.

ಪ್ರಶ್ನೆ ಕೇಳಿದವರು:
ಹೊಸ ಎಸ್‌ಎಂಪಿಎಸ್ ಅನ್ನು ಅದರದೇ ಕೇಬಲ್‌ಗಳೊಂದಿಗೆ ಅಳವಡಿಸಿದೆ. ಎರಡು ಗಂಟೆ ಎಡೆಬಿಡದೆ ರೆಂಡರ್ ನಡೆದರೂ ಹಳದಿ ತಂತಿಯ ವೋಲ್ಟೇಜ್ 11.9ಕ್ಕಿಂತ ಕೆಳಗಿಳಿಯಲಿಲ್ಲ. ಹಳೆಯ ಕೇಬಲ್‌ಗಳು ಮತ್ತೊಬ್ಬರ ಕೈಗೆ ಸಿಕ್ಕಿ ಅನಾಹುತವಾಗಬಾರದೆಂದು, ಅವನ್ನು ಹಳೆಯ ಎಸ್‌ಎಂಪಿಎಸ್‌ಗೇ ಬಿಗಿದು ಕಟ್ಟಿ ಇ-ತ್ಯಾಜ್ಯಕ್ಕೆ ಕೊಟ್ಟಿದ್ದೇನೆ. ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು.