ಪುಟ್ಟನ ಪಿಕಪ್ ಗುಂಯ್ ಅನ್ನುವುದಕ್ಕೆ ದೊಡ್ಡಪ್ಪನ ಉತ್ತರ

ಪುಟ್ಟಾ, ನಿನ್ನ ಮೆಸೇಜ್ ಈಗ ನೋಡಿದೆ. ಪಿಕಪ್ ಹಿಂದುಗಡೆ ಗುಂಯ್ ಅಂತ ಸದ್ದು ಬರುತ್ತಿದೆ, ನಾಳೆ ಟೊಮೆಟೊ ಲೋಡಿಗೆ ಕೋಲಾರಕ್ಕೆ ಹೋಗಬಹುದಾ ಅಂತ ಕೇಳಿದ್ದೀಯ. ಟೈಪ್ ಮಾಡುವುದು ನನಗೆ ಆಗಿಬರುವುದಿಲ್ಲ, ಬಾಯಲ್ಲೇ ಹೇಳುತ್ತೇನೆ. ಪೂರ್ತಿ ಕೇಳು, ಅರ್ಧಕ್ಕೇ ಹೆಬ್ಬೆರಳು ಹಾಕಿ ಓಡಿಹೋಗಬೇಡ. ಹಿಂದಿನ ಎರಡು ಚಕ್ರದ ಮಧ್ಯೆ ಗುಂಡಗೆ ಕಬ್ಬಿಣದ ಡಬ್ಬ ಇದೆಯಲ್ಲ, ಅದೇ ಹೌಸಿಂಗ್; ಚಕ್ರ ತಿರುಗಿಸುವ ಗೇರು, ಅಂದರೆ ಡಿಫರೆನ್ಷಿಯಲ್, ಅದರೊಳಗೇ ಇರುವುದು. ಹೌಸಿಂಗ್ ಆಯಿಲ್ ನೋಡದೆ ಲೋಡ್ ಹಾಕಬೇಡ.

ನನ್ನ ಆ ನೀಲಿ ಗಾಡಿ ಗೊತ್ತಲ್ಲ, ಹೆಸರಘಟ್ಟದ ಅತ್ತೆ ಮದುವೆಗೆ ಪಾತ್ರೆ ಸಾಗಿಸಿದ್ದು. 2008ರಲ್ಲಿ ಅದಕ್ಕೂ ಹೀಗೇ ಶುರುವಾಯಿತು. ಸ್ಪೀಡ್ 45 ದಾಟಿದರೆ ಗುಂಯ್. ಆಕ್ಸಿಲರೇಟರ್ ಬಿಟ್ಟರೆ ಗಪ್‌ಚಿಪ್. ಮೆಕ್ಯಾನಿಕ್ ಚಕ್ರದ ನಡುವಿನ ಹಬ್ ಬೇರಿಂಗ್ ಅಂದ, ಎರಡೂ ಕಡೆ ಬದಲಾಯಿಸಿದ. ದುಡ್ಡು ಹೋಯಿತು, ಸದ್ದು ಹೋಗಲಿಲ್ಲ. ನಾನೂ ದೊಡ್ಡ ಬುದ್ಧಿವಂತ, ಟೇಪ್ ಜೋರಾಗಿ ಹಾಕಿಕೊಂಡು ಓಡಿಸಿದೆ. ಮನೆ ಮುಂದೆ ದಪ್ಪ ಎಣ್ಣೆ ತೊಟ್ಟಿಕ್ಕುತ್ತಿತ್ತು. ರಂಗೋಲಿ ಹಾಕುವಾಗ ನಿಮ್ಮ ದೊಡ್ಡಮ್ಮ ದಿನಾ ಬೈಯುತ್ತಿದ್ದಳು. ಇಂಜಿನ್ ಆಯಿಲ್ ಇರಬೇಕು ಅಂದುಕೊಂಡೆ. ಇಂಜಿನ್ ಮುಂದಿದೆ, ಕಲೆ ಹಿಂದಿದೆ, ಅಷ್ಟೂ ಹೊಳೆಯಲಿಲ್ಲ! ಹೌಸಿಂಗ್ ಬಾಯಲ್ಲಿ ಎಣ್ಣೆ ತಡೆಯುವ ಪಿನಿಯನ್ ಆಯಿಲ್ ಸೀಲ್ ಹರಿದಿತ್ತು. ಪಿನಿಯನ್ ಅಂದರೆ ಒಳಗಿನ ಸಣ್ಣ ಗೇರು, ಅದು ತಿರುಗಿಸುವ ದೊಡ್ಡ ಗೇರೇ ಕ್ರೌನ್.

ಒಂದು ರಾತ್ರಿ ಲೋಡ್ ತುಂಬಿಕೊಂಡು ನರಸಾಪುರ ದಾಟಿ ಹೊಸಕೋಟೆ ಕಡೆ ಬರುತ್ತಿದ್ದೇನೆ, 2 ಗಂಟೆ, ಢಬ್ ಅಂತು. ಹಿಂದಿನ ಚಕ್ರ ಜಾಮ್ ಆಗಿ ಟಯರ್ ಉಜ್ಜಿಕೊಂಡು ನಿಂತಿತು. ಎಣ್ಣೆ ಇಲ್ಲದೆ ಪಿನಿಯನ್ ಬೇರಿಂಗ್ ಸುಟ್ಟು, ಸಡಿಲವಾಗಿ, ಕ್ರೌನ್ ಹಲ್ಲೆಲ್ಲ ಉದುರಿತ್ತು. ಕ್ರೌನ್, ಪಿನಿಯನ್ ಜೋಡಿಯಾಗಿಯೇ ಬದಲಾಯಿಸಬೇಕು, ಒಂದನ್ನೇ ಹಾಕಿದರೆ ಮತ್ತೆ ಕೂಗುತ್ತದೆ. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಹೌಸಿಂಗ್ ಆಯಿಲ್ ನೋಡದೆ ಲೋಡ್ ಹಾಕಬೇಡ.

ಆ ರಾತ್ರಿ ಯಾರಿಗೆಲ್ಲ ಫೋನ್ ಮಾಡಿದೆ ಗೊತ್ತಾ? ಯಲಹಂಕದವರು ಎತ್ತಲೇ ಇಲ್ಲ. ನಮ್ಮ ಸಣ್ಣವನು, ಈ ಗ್ರೂಪಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ, "ಅಣ್ಣಾ, ಬೆಳಗ್ಗೆ ನೋಡೋಣ" ಅಂದ. ಅವನ ಮನೆ ಕಟ್ಟುವಾಗ ಮರಳು, ಇಟ್ಟಿಗೆ ಹೊತ್ತಿದ್ದು ಇದೇ ಗಾಡಿ. ಡೀಸೆಲ್ ದುಡ್ಡೂ ಕೇಳಿರಲಿಲ್ಲ. ಬೆಳಗ್ಗೆ ಅಂದವನು ಮಧ್ಯಾಹ್ನ ಬಂದ. ಒಂದು ಲೋಟ ಕಾಫಿ ತರಲಿಲ್ಲ, ಹೋಗುವಾಗ ಎರಡು ಕ್ರೇಟ್ ಟೊಮೆಟೊ ಎತ್ತಿಕೊಂಡು ಹೋದ. ಇವತ್ತಿಗೂ ಬೆಳಗಾದರೆ ಗುಡ್ ಮಾರ್ನಿಂಗ್ ಹೂವು ಕಳಿಸುತ್ತಾನೆ.

ಇರಲಿ ಬಿಡು. ಏನೋ ಹೇಳಲು ಹೊರಟಿದ್ದೆ... ಹಾಂ, ಆಯಿಲ್. ಗಾಡಿ ಸಮತಟ್ಟಾದ ಕಡೆ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡು. ಹೌಸಿಂಗಿಗೆ ಎರಡು ಬೋಲ್ಟ್, ಎಣ್ಣೆ ತುಂಬುವ ಮೇಲಿನದನ್ನು ಮೊದಲು ಬಿಚ್ಚು. ಕೆಳಗಿನದರಲ್ಲಿ ಎಣ್ಣೆ ಇಳಿಸಿದ ಮೇಲೆ ಇದು ಜಪ್ಪಯ್ಯ ಅಂದರೂ ಬರದಿದ್ದರೆ ಫಜೀತಿ. ಮೇಲಿನ ತೂತಿಗೆ ಬೆರಳು ಹಾಕಿದರೆ ಅಂಚಿಗೇ ಎಣ್ಣೆ ಸಿಗಬೇಕು. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ. ಮೊನ್ನೆ ಮಳೆಯಲ್ಲಿ ಅಂಡರ್‌ಪಾಸ್ ನೀರಿಗೆ ಇಳಿಸಿದೆ ಅಂದೆಯಲ್ಲ, ಬಿಸಿ ಹೌಸಿಂಗ್ ತಣ್ಣೀರಿಗೆ ಬಿದ್ದರೆ ಒಳಗೆ ನೀರು ಎಳೆದುಕೊಳ್ಳುತ್ತದೆ. ಕೆಳಗಿನ ಬೋಲ್ಟಿನ ಮ್ಯಾಗ್ನೆಟ್‌ಗೆ ಬೂದು ಪೇಸ್ಟ್ ಅಂಟಿದ್ದರೆ ಪರವಾಗಿಲ್ಲ. ಕಬ್ಬಿಣದ ಚೂರು ಸಿಕ್ಕರೆ ಗಾಡಿ ಓಡಿಸಲೇಬೇಡ.

ಸದ್ದು ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಆದರೆ ಡಿಫರೆನ್ಷಿಯಲ್ ಕಡೆಯದು. ಆಕ್ಸಿಲರೇಟರ್‌ಗೆ ಸಂಬಂಧವಿಲ್ಲದೆ, ಎಡಕ್ಕೆ ಬಲಕ್ಕೆ ತಿರುಗಿಸಿದಾಗ ಜಾಸ್ತಿ ಕಡಿಮೆ ಆದರೆ ಹಬ್ ಬೇರಿಂಗ್. ಕ್ಲಚ್ ಬಿಟ್ಟಾಗ ಟಕ್ ಅಂದರೆ ಮೊದಲು ಗೇರ್‌ಬಾಕ್ಸಿನಿಂದ ಹೌಸಿಂಗಿಗೆ ಬರುವ ಉದ್ದ ರಾಡಿನ ಜಾಯಿಂಟ್ ಕ್ರಾಸ್ ಅಲ್ಲಾಡಿಸಿ ನೋಡು, ಸುಮ್ನೆ ಹೌಸಿಂಗ್ ಇಳಿಸಲು ಬಿಡಬೇಡ. ಡಿಫರೆನ್ಷಿಯಲ್ ಸದ್ದೇ ಆದರೆ ಎಣ್ಣೆ ಸರಿ ಇದ್ದರೂ ನಾಳೆಗೆ ಬೇರೆ ಗಾಡಿ ಮಾತಾಡು. ಆಯಿಲ್ ಬೇಕಾದರೆ ಬೆಂಗಳೂರಿನ ಜೆ.ಸಿ. ರೋಡಲ್ಲಿ ತಗೋ, ಡಬ್ಬದ ಮೇಲೆ ಜಿಎಲ್-5 ಅಂತ ಇರಬೇಕು, ಅದು ಗೇರ್ ಎಣ್ಣೆಯ ದರ್ಜೆ. ಬೆರಳಿಗೆ ಅಂಟಿದ ಎಣ್ಣೆ ಫೋಟೋ ತೆಗೆದು ಇಲ್ಲೇ ಹಾಕು. ದೊಡ್ಡಮ್ಮ ಊಟಕ್ಕೆ ಕರೆಯುತ್ತಿದ್ದಾಳೆ, ತಿಂದು ಬಂದು ನೋಡುತ್ತೇನೆ.