ನಾಟಿಗೆ ಹೋಗುವ ಹೆಂಗಸರಿಗೆ ಉರಿಮೂತ್ರ: ಸಂಘದಿಂದ ಏನು ಮಾಡಬಹುದು?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಮದ್ದೂರಿನ ಹತ್ತಿರದ ಹಳ್ಳಿ ನಮ್ಮದು. ಸ್ತ್ರೀಶಕ್ತಿ ಸಂಘದಲ್ಲಿ 14 ಜನ ಇದ್ದೀವಿ. ನಾಲೆಗೆ ನೀರು ಬಿಟ್ಟರೆ ಎಲ್ಲರೂ ನಾಟಿಗೆ ಹೋಗುತ್ತೇವೆ. ಬೆಳಗ್ಗೆ ಗದ್ದೆಗೆ ಇಳಿದರೆ ಸಂಜೆವರೆಗೂ ಯಾರೂ ನೀರು ಕುಡಿಯೋದಿಲ್ಲ. ಕುಡಿದರೆ ಎಲ್ಲಿಗೆ ಹೋಗೋದು? ಸುತ್ತ ಬಯಲು, ಗಂಡಾಳುಗಳು ಬೇರೆ. ಈಗ ನಾಲ್ಕೈದು ಜನಕ್ಕೆ ಉರಿಮೂತ್ರ. ಸೊಂಟನೋವಿಗೆ ದಿನಾ ಮೆಡಿಕಲ್ ಸ್ಟೋರಿನ ಮಾತ್ರೆ. ಸಂಘದ ಉಳಿತಾಯದ ದುಡ್ಡಲ್ಲಿ ಒಂದು ಹೆಲ್ತ್ ಕ್ಯಾಂಪ್ ಮಾಡಿಸೋಣವಾ?

ಉತ್ತರ: ಕ್ಯಾಂಪ್ ಆಮೇಲೆ ನೋಡೋಣ ಅಕ್ಕ. ಒಂದು ದಿನ ಬಿಪಿ ನೋಡಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ ಅಷ್ಟೇ (ನಾನೂ ಹಾಗೆ ಹೋಗಿ ಬಂದವಳೇ). ನಿಮಗೆ ಬೇಕಾಗಿರೋದು ನಾಲ್ಕು ಗಳ, ಎರಡು ಹಳೇ ಸೀರೆ. ಪಂಪ್‌ಸೆಟ್ ಮನೆಯ ಹಿಂದೆ ಮರೆ ಕಟ್ಟಿ. ಇಬ್ಬಿಬ್ಬರು ಜೊತೆಯಾಗಿ ಹೋಗಿ ಬನ್ನಿ.

ನೀರು ಕುಡಿಯದೆ, ಬಂದಿದ್ದನ್ನೂ ತಡೆದುಕೊಂಡರೆ ಮೂತ್ರದ ಸೋಂಕಿಗೆ ದಾರಿ ಮಾಡಿಕೊಟ್ಟ ಹಾಗೆ. ಮನೆಯಿಂದ ನೀರು, ಉಪ್ಪು ಹಾಕಿದ ನೀರುಮಜ್ಜಿಗೆ ತನ್ನಿ. ನಾಲೆ ನೀರು ಬೇಡ. ಮೂತ್ರ ಕಡು ಹಳದಿ ಬಂದರೆ ಕುಡಿದದ್ದು ಸಾಲಲಿಲ್ಲ ಅಂತ ಅರ್ಥ.

ನನಗೆ ಜಾಸ್ತಿ ಭಯ ಆ ಮಾತ್ರೆದು. ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಯನ್ನು ನೀರಿಲ್ಲದೆ ಒಣಗಿದ ಮೈಗೆ ದಿನಾ ಹಾಕಿದರೆ ಕಿಡ್ನಿಗೆ ಪೆಟ್ಟು. ಬಿಪಿ, ಶುಗರ್ ಇರುವವರಂತೂ ಮುಟ್ಟಲೇಬಾರದು, ಡಾಕ್ಟರನ್ನು ಕೇಳದೆ.

ಉರಿ ಇರುವವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂತ್ರ ಪರೀಕ್ಷೆ ಮಾಡಿಸಲಿ. ಚಳಿಜ್ವರ, ಪಕ್ಕೆನೋವು ಇದ್ದರೆ, ಇಲ್ಲವೇ ಬಸುರಿ ಆಗಿದ್ದರೆ, ಅವತ್ತೇ ಹೋಗಬೇಕು.

ಇನ್ನೊಬ್ಬರು: ನಮ್ಮಲ್ಲಿ ನಾಟಿ ಆದ ವಾರಕ್ಕೆ ಒಬ್ಬರಿಗೆ ಜ್ವರ, ಮೀನಖಂಡ ಹಿಡಿದುಕೊಂಡಿದೆ, ಕಣ್ಣು ಕೆಂಪು. ಕೆಸರಲ್ಲಿ ನಿಂತಿದ್ದಕ್ಕಾ?

ಉತ್ತರ: ಇಲಿಜ್ವರ ಇರಬಹುದು, ಇವತ್ತೇ ಕರೆದುಕೊಂಡು ಹೋಗಿ. ಇಲಿ ಉಚ್ಚೆ ಬೆರೆತ ಗದ್ದೆ ನೀರು ಕಾಲಿನ ಗಾಯದಿಂದ ಒಳಗೆ ಸೇರುತ್ತದೆ. ಗದ್ದೆಗೆ ಇಳಿದಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಮಾಮೂಲಿ ಜ್ವರ ಅಂದುಕೊಳ್ಳುವುದುಂಟು.

ಪ್ರಶ್ನೆ ಕೇಳಿದವರು: ಮರೆ ಕಟ್ಟೋಕೆ ಗದ್ದೆ ಯಜಮಾನರು ಒಪ್ಪಬೇಕಲ್ವಾ ಡಾಕ್ಟ್ರೇ? ಕೇಳೋಕೆ ನಾಚಿಕೆ.

ಉತ್ತರ: ಒಬ್ಬರೇ ಕೇಳಬೇಡಿ. ಎಕರೆಗೆ ಇಷ್ಟು ಅಂತ ಗುತ್ತಿಗೆ ಮಾತಾಡುತ್ತೀರಲ್ಲ, ಆಗಲೇ 14 ಜನವೂ ನಿಂತು ಕೂಲಿ ಜೊತೆಗೆ ಮರೆ, ಕುಡಿಯೋ ನೀರು ಎರಡನ್ನೂ ಸೇರಿಸಿ. ನಾಟಿ ಸಮಯದಲ್ಲಿ ಆಳು ಸಿಗೋದೇ ಕಷ್ಟ, ಇಲ್ಲ ಅನ್ನೋಕೆ ಅವರೂ ಯೋಚಿಸುತ್ತಾರೆ.