ಮೆನುವಿನಲ್ಲಿ ‘ಸರ್ವಿಂಗ್’ಗೆ ಏನು ಬರೆಯೋಣ?

ಪ್ರಶ್ನೆ: ಹುಬ್ಬಳ್ಳಿ-ಧಾರವಾಡದಲ್ಲಿ ಹಲವು ಶಾಖೆಗಳಿರುವ ಹೋಟೆಲಿನ ಮೆನು ಕನ್ನಡಕ್ಕೆ ತರಬೇಕಾಗಿದೆ. ತಿನಿಸಿನ ಪಕ್ಕ ‘ಪರ್ ಸರ್ವಿಂಗ್’ ಕಿಲೋಕ್ಯಾಲರಿ ಹಾಕಬೇಕು. ಕರಡಿನಲ್ಲಿ ‘ಬಡಿಸುವಿಕೆಯ ಗಾತ್ರ’ ಎಂದಿದೆ, ಯಾರಿಗೂ ತಿಳಿಯುತ್ತಿಲ್ಲ. ‘ಕಿಲೋ’ ಬಿಟ್ಟು ಬರೀ ‘ಕ್ಯಾಲರಿ’ ಎಂದರೆ ನಡೆಯುತ್ತದೆಯೇ?

ಉತ್ತರ: ‘ಬಡಿಸುವಿಕೆಯ ಗಾತ್ರ’ ಬೇಡ್ರಿ. ಗಿರಾಕಿ ಕೇಳುವುದು ಪ್ಲೇಟು. ‘ಒಂದು ಪ್ಲೇಟಿಗೆ’ ಎಂದು ಬರೆದು ಪಕ್ಕದಲ್ಲೇ ಗ್ರಾಂ ಇಲ್ಲವೇ ಎಣಿಕೆ ಕೊಡಿ: ‘ಇಡ್ಲಿ, ಒಂದು ಪ್ಲೇಟಿಗೆ (2)’. ತೊಡಕಿರುವುದು ರೊಟ್ಟಿ ಊಟದಲ್ಲಿ. ರೊಟ್ಟಿ, ಪಲ್ಯ ಕೇಳಿದಷ್ಟು ಹಾಕುವ ಕಡೆ ‘ಒಂದು ಊಟಕ್ಕೆ’ ಇಷ್ಟು ಎಂದರೆ ಆ ಅಂಕಿಗೆ ಅರ್ಥವಿಲ್ಲ. ‘ಒಂದು ಜೋಳದ ರೊಟ್ಟಿಗೆ’, ‘ಒಂದು ಬಟ್ಟಲು ಎಣ್ಣಿಗಾಯಿಗೆ’ ಎಂದು ಬಿಡಿಬಿಡಿಯಾಗಿ ಬರೆಯಿರಿ. ಅದಕ್ಕೆ ಬಟ್ಟಲು ಎಲ್ಲ ಶಾಖೆಗಳಲ್ಲೂ ಒಂದೇ ಅಳತೆಯದಿರಬೇಕು.

ಮಾತಿನಲ್ಲಿ ನಾವು ಕ್ಯಾಲರಿ ಎನ್ನುವುದು ಕಿಲೋಕ್ಯಾಲರಿಯನ್ನೇ. ಆದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ಮತ್ತು ಪ್ರದರ್ಶನ ನಿಯಮಗಳು ಕೇಳುವ ಏಕಮಾನ ಕಿಲೋಕ್ಯಾಲರಿ. ಕೇಂದ್ರ ಲೈಸೆನ್ಸ್ ಇರುವ, ಇಲ್ಲವೇ 10 ಅಥವಾ ಹೆಚ್ಚು ಕಡೆ ಶಾಖೆ ಇರುವ ಹೋಟೆಲುಗಳಿಗೆ ಇದು ಅನ್ವಯ. ಹಾಗಾಗಿ ‘ಕಿ.ಕ್ಯಾಲರಿ’ ಎಂದೇ ಅಚ್ಚಾಗಲಿ. ಇದಕ್ಕಿಂತ ದೊಡ್ಡ ಎಡವಟ್ಟು ಶಕ್ತಿಯ ಇನ್ನೊಂದು ಏಕಮಾನವಾದ ಕಿಲೋಜೂಲಿನದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕಗಳಲ್ಲಿ ಶಕ್ತಿ ಇರುವುದು ಕಿಲೋಜೂಲಿನಲ್ಲಿ. 4.184ರಿಂದ ಭಾಗಿಸದೆ ಹಾಗೇ ಎತ್ತಿ ಬರೆದರೆ ಅಂಕಿ ನಾಲ್ಕು ಪಟ್ಟು ಉಬ್ಬುತ್ತದೆ.

ಗಿರ್ಮಿಟ್ ಹಿಡಿದು ನೋಡಿ. ಚುರಮುರಿ 50 ಗ್ರಾಂ, ಸುಮಾರು 180 ಕಿ.ಕ್ಯಾಲರಿ. ಒಗ್ಗರಣೆಯ ಎಣ್ಣೆ 10 ಗ್ರಾಂ, 90. ಪುಟಾಣಿ ಹಿಟ್ಟು 20 ಗ್ರಾಂ, ಸುಮಾರು 70. ಉಳ್ಳಾಗಡ್ಡಿ, ಟೊಮೆಟೊ ಸೇರಿ ಇನ್ನೊಂದು 20. ಒಟ್ಟು 360ರ ಆಸುಪಾಸು. ಎಣ್ಣೆಯನ್ನು ತೂಗದೆ ಕೈಯಂದಾಜಿನಲ್ಲಿ ಸುರಿದರೆ ಲೆಕ್ಕ ಕೆಡುತ್ತದೆ: ಗ್ರಾಂಗೆ 9 ಕಿ.ಕ್ಯಾಲರಿಯಂತೆ 10 ಗ್ರಾಂ ಹೆಚ್ಚಾದರೆ 90 ಏರಿತು. ಜೊತೆಗೆ ಕೊಡುವ ಮಿರ್ಚಿ ಭಜಿಗೆ ಬೇರೆಯದೇ ಸಾಲು ಇರಲಿ. ಕರಿದದ್ದು ಎಷ್ಟು ಎಣ್ಣೆ ಹೀರಿತೆಂದು ತಿಳಿಯಲು ಬಾಣಲೆಯ ಎಣ್ಣೆಯನ್ನು ಕರಿಯುವ ಮುಂಚೆ, ಕರಿದ ಮೇಲೆ ತೂಗಿ, ಕಡಿಮೆಯಾದದ್ದನ್ನು ಭಜಿಗಳ ಸಂಖ್ಯೆಯಿಂದ ಭಾಗಿಸಿ.

ಮೆನುವಿನಲ್ಲಿ ಇರಲೇಬೇಕಾದ ಇನ್ನೊಂದು ವಾಕ್ಯಕ್ಕೆ ‘ಸರಾಸರಿ ಸಕ್ರಿಯ ವಯಸ್ಕ’ ಎಂಬ ಅನುವಾದ ಬಿಗಿಯಾಯಿತು. ಹೀಗೆ ಬರೆಯಬಹುದು: ‘ಚಟುವಟಿಕೆಯಿಂದಿರುವ ಸಾಮಾನ್ಯ ವಯಸ್ಕರಿಗೆ ದಿನಕ್ಕೆ 2000 ಕಿ.ಕ್ಯಾಲರಿ ಶಕ್ತಿ ಬೇಕು. ಆದರೆ ಅಗತ್ಯ ಒಬ್ಬೊಬ್ಬರಿಗೆ ಬೇರೆಯಾಗಬಹುದು.’